ಹಸಿರಾಗಿ ನಿಂತ ಒಂದು ಗಿಡ

ಮೈಸೂರು ಸೀಮೆಯ ಕಾಫಿ ತೋಟಗಳಿಗೆ ಎಲೆ ತುಕ್ಕು ರೋಗ ಕಾಲಿಟ್ಟು ನಾಲ್ಕು ದಶಕ ಕಳೆದಿದ್ದ ಕಾಲವದು. ಎಲೆಯ ಅಡಿಮಗ್ಗುಲಿಗೆ ಕಿತ್ತಳೆ ಬಣ್ಣದ ಪುಡಿ ಮೆತ್ತಿಕೊಳ್ಳುವುದು, ಎಲೆ ಹಳದಿಗೆ ತಿರುಗಿ ಉದುರುವುದು, ಕಾಯಿ ಹೊತ್ತ ಕೊಂಬೆ ಬೋಳಾಗಿ ಒಣಗುವುದು ವರ್ಷ ವರ್ಷವೂ ನಡೆದೇ ಇತ್ತು. 1911ರಲ್ಲಿ ಎಲ್.ಪಿ. ಕೆಂಟ್ ಎಂಬ ಬೆಳೆಗಾರ ತುಕ್ಕನ್ನು ತಡೆದು ನಿಂತ ಗಿಡವನ್ನು ತನ್ನ ತೋಟದಲ್ಲಿ ಗುರುತಿಸಿ ಬೀಜ ಎತ್ತಿಟ್ಟ. ಆ ಬೀಜದಿಂದ ಬೆಳೆದ ತಳಿಗೆ ಅವನ ಹೆಸರೇ ನಿಂತಿತು. ಕೆಂಟ್ ಕಾಫಿ ಚಿಕ್ಕಮಗಳೂರು, ಕೊಡಗುಗಳನ್ನು ದಾಟಿ ಪೂರ್ವ ಆಫ್ರಿಕದ ತೋಟಗಳವರೆಗೂ ಹೋಯಿತು.

ಆ ಹೊತ್ತಿಗೆ ಅದೆಷ್ಟು ದೊಡ್ಡ ವರವೆಂದು ತಿಳಿಯಬೇಕಾದರೆ ಪಕ್ಕದ ಸಿಲೋನನ್ನು ನೆನೆಯಬೇಕು. 1869ರಲ್ಲಿ ವಿಜ್ಞಾನಿಗಳು ಈ ಶಿಲೀಂಧ್ರಕ್ಕೆ ‘ಹೆಮಿಲಿಯಾ ವಾಸ್ಟಾಟ್ರಿಕ್ಸ್’ ಎಂದು ಹೆಸರಿಟ್ಟದ್ದು ಅಲ್ಲಿಂದ ಬಂದ ಎಲೆಗಳನ್ನು ನೋಡಿಯೇ. ಗುಡ್ಡ ಗುಡ್ಡಗಳ ತುಂಬ ಕಾಫಿಯೊಂದನ್ನೇ ಹಬ್ಬಿಸಿದ್ದ ಆ ದ್ವೀಪದಲ್ಲಿ ಗಾಳಿಗೆ ಹಾರಿದ ಪುಡಿಗೆ ಎದುರು ನಿಲ್ಲುವವರೇ ಇರಲಿಲ್ಲ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಕಾಫಿ ಕಿತ್ತು ಚಹಾ ನೆಡಬೇಕಾಯಿತು. ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ತರುಣ ಸಸ್ಯವಿಜ್ಞಾನಿ 1880ರಲ್ಲಿ ಅಲ್ಲಿಗೆ ಹೋಗಿ ರೋಗ ಹೇಗೆ ಹರಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಮೈಸೂರು, ಕೊಡಗುಗಳಲ್ಲಿ ಕಾಫಿ ಉಳಿಯಿತು. ಮರಗಳ ನೆರಳು ಅದಕ್ಕೆ ನೆರವಾಯಿತು, ಕೆಂಟ್ ತಳಿಯೂ ನೆರವಾಯಿತು. ಆದರೆ ಕೆಂಟ್ ನೆಟ್ಟ ತೋಟಗಳಲ್ಲೂ ಕೆಲವು ವರ್ಷಗಳಲ್ಲಿ ತುಕ್ಕು ಕಾಣಿಸಿಕೊಂಡಿತು. ಮೊದಲು ಒಂದೆರಡು ಎಲೆ, ಆಮೇಲೆ ಗಿಡ, ಆಮೇಲೆ ಸಾಲು. ಬೀಜ ಕಲಬೆರಕೆ ಆಗಿರಬಹುದು, ಮಣ್ಣು ಸೋತಿರಬಹುದು, ಮಳೆ ಹೆಚ್ಚಾಗಿರಬಹುದು ಎಂದು ಯಾರಿಗಾದರೂ ಅನ್ನಿಸುವ ಹಾಗಿತ್ತು. ಉತ್ತರ ಬೇರೆಯೇ ಇತ್ತು, ಮತ್ತು ಅದು ಸಿಕ್ಕಿದ್ದು ಬಾಳೆಹೊನ್ನೂರಿನಲ್ಲಿ.

ಮೈಸೂರು ಸಂಸ್ಥಾನ 1915ರಲ್ಲಿ ಕೊಪ್ಪದಲ್ಲೊಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆದಿತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ನೆಲೆಗೊಂಡಿತು. ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿದ್ದ ಡಬ್ಲ್ಯು. ವಿಲ್ಸನ್ ಮೇಯ್ನ್ ಬೇರೆ ಬೇರೆ ಗಿಡಗಳ ತುಕ್ಕಿನ ಪುಡಿಯನ್ನು ಬೇರೆ ಬೇರೆ ಎಲೆಗಳಿಗೆ ಹಚ್ಚಿ, ಯಾವುದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂದು ತಾಳ್ಮೆಯಿಂದ ನೋಡಿದರು. ಕಣ್ಣಿಗೆ ಎಲ್ಲ ತುಕ್ಕೂ ಒಂದೇ. ಆದರೆ ಒಂದು ಬಳಗದ ತುಕ್ಕು ಕೆಂಟ್ ಗಿಡದ ಎಲೆಯಲ್ಲಿ ಬೇರೂರಲಾರದೆ ಸಾಯುತ್ತಿತ್ತು, ಇನ್ನೊಂದು ಬಳಗದ್ದು ಅದೇ ಎಲೆಯಲ್ಲಿ ಸಲೀಸಾಗಿ ಬೆಳೆಯುತ್ತಿತ್ತು. ಕಾಫಿ ತುಕ್ಕಿನಲ್ಲಿ ಹೀಗೆ ಬೇರೆ ಬೇರೆ ಬಳಗಗಳಿವೆ ಎಂದು 1932ರಲ್ಲಿ ಮೇಯ್ನ್ ಜಗತ್ತಿಗೆ ತಿಳಿಸಿದರು. ಕೆಂಟ್ ಬದಲಾಗಿರಲಿಲ್ಲ. ಅದನ್ನು ಹಿಡಿಯಬಲ್ಲ ತುಕ್ಕಿನ ಬಳಗ ಮೇಲುಗೈ ಪಡೆದಿತ್ತು.

ರೋಗನಿರೋಧಕ ತಳಿ ಎಂಬ ಪದವನ್ನು ಇವತ್ತು ಬೀಜದ ಪೊಟ್ಟಣದ ಮೇಲೆ, ನರ್ಸರಿಯ ಫಲಕದ ಮೇಲೆ, ಇಲಾಖೆಯ ಕರಪತ್ರದಲ್ಲಿ ಅಚ್ಚು ಹಾಕುವವರು ಬಾಳೆಹೊನ್ನೂರಿನ ಈ ಸಂಗತಿಯನ್ನು ಮರೆತಿದ್ದಾರೆ. ನಿರೋಧಕ ಗುಣ ಗಿಡವೊಂದರ ಆಸ್ತಿಯಲ್ಲ. ಅದು ಈ ಗಿಡಕ್ಕೂ ಈ ರೋಗಾಣುವಿಗೂ ನಡುವಿನ ಸಂಬಂಧ. ಒಂದು ಕಡೆ ಬದಲಾದರೆ ಸಂಬಂಧವೂ ಬದಲಾಗುತ್ತದೆ.

ಎಲೆಯೊಳಗೆ ನಡೆಯುವುದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತುಕ್ಕಿನ ಬೀಜಾಣು ಎಲೆಯ ಮೇಲೆ ಬಿದ್ದ ಮಾತ್ರಕ್ಕೆ ರೋಗವಿಲ್ಲ. ನೀರಿನ ಪಸೆ ಸಿಕ್ಕರೆ ಅದು ಮೊಳೆತು, ಎಲೆಯ ಅಡಿಯ ಪತ್ರರಂಧ್ರ ಹುಡುಕಿ ಒಳಗೆ ನುಗ್ಗುತ್ತದೆ. ಔಷಧಿ ಎಲೆಯ ಅಡಿಗೆ ತಾಗಬೇಕು ಎಂದು ಅನುಭವಿ ಬೆಳೆಗಾರರು ಒತ್ತಿ ಹೇಳುವುದು ಇದಕ್ಕೇ. ಒಳಗೆ ಬಂದ ಅಪರಿಚಿತನನ್ನು ಗಿಡದ ಜೀವಕೋಶಗಳು ಗುರುತಿಸುತ್ತವೆ. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತುವಿನ ಚೂರು ಸಿಕ್ಕರೂ ಸಾಕು, ಕೋಶ ತನ್ನ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ವಿಷದಂಥ ರಸಗಳನ್ನು ಒಸರುತ್ತದೆ. ಬಹುಪಾಲು ರೋಗಾಣುಗಳು ಇಲ್ಲಿಗೇ ಸೋಲುತ್ತವೆ. ಹೊಲದಲ್ಲಿ, ಕಾಡಿನಲ್ಲಿ ಸಾವಿರಾರು ಶಿಲೀಂಧ್ರಗಳ ನಡುವೆ ಗಿಡಗಳು ಹಸಿರಾಗಿರುವುದು ಈ ಮೊದಲ ಕಾವಲಿನ ದೆಸೆಯಿಂದ.

ಪಳಗಿದ ರೋಗಾಣು ಮಾತ್ರ ಕೆಲವು ಪ್ರೋಟೀನುಗಳನ್ನು ಒಳಗೆ ಬಿಟ್ಟು ಈ ಕಾವಲನ್ನು ಮಂಕು ಮಾಡುತ್ತದೆ. ಗಿಡಕ್ಕೆ ಇದಕ್ಕೂ ಉತ್ತರ ಗೊತ್ತು. ಆ ಪ್ರೋಟೀನನ್ನೇ ಗುರುತು ಹಿಡಿಯುವ ಜೀನ್ ಅದರಲ್ಲಿದ್ದರೆ, ದಾಳಿಗೆ ಸಿಕ್ಕ ಕೋಶ ತಾನಾಗಿ ಸತ್ತುಹೋಗುತ್ತದೆ. ಜೀವಂತ ಕೋಶದ ರಸ ಹೀರಿ ಮಾತ್ರ ಬದುಕಬಲ್ಲ ತುಕ್ಕು ಆ ಸತ್ತ ಕೋಶಗಳ ಮಧ್ಯೆ ಉಪವಾಸ ಬಿದ್ದು ಸಾಯುತ್ತದೆ. ನಿರೋಧಕ ಗಿಡದ ಎಲೆಯನ್ನು ಬೆಳಕಿಗೆ ಹಿಡಿದರೆ ಕಾಣುವ ಸಣ್ಣ ಸಣ್ಣ ಮಂಕು ಚುಕ್ಕೆಗಳು ಈ ಕಾಳಗದ ಗುರುತು. ಇಡೀ ಎಲೆ ಉಳಿಯಲೆಂದು ಕೆಲವು ಕೋಶಗಳು ತೆತ್ತ ಪ್ರಾಣ ಅದು.

ಅಮೆರಿಕದ ವಿಜ್ಞಾನಿ ಹೆರಾಲ್ಡ್ ಫ್ಲೋರ್ ಅಗಸೆ ಗಿಡವನ್ನೂ ಅದರ ತುಕ್ಕನ್ನೂ ಜೊತೆಗೂಡಿಸಿ ಅಧ್ಯಯನ ಮಾಡಿ, 1940ರ ದಶಕದಲ್ಲಿ ಇದರ ಲೆಕ್ಕ ಬಿಡಿಸಿದರು. ಗಿಡದ ಒಂದೊಂದು ನಿರೋಧಕ ಜೀನ್‌ಗೆ ಎದುರಾಗಿ ರೋಗಾಣುವಿನಲ್ಲೂ ಒಂದೊಂದು ಜೀನ್ ಇರುತ್ತದೆ. ರೋಗಾಣುವಿನ ಆ ಒಂದು ಜೀನ್ ಬದಲಾದರೆ ಗಿಡಕ್ಕೆ ಅದರ ಗುರುತು ಸಿಗುವುದಿಲ್ಲ. ಒಂದು ಎಲೆಯ ಮೇಲೆ ಲಕ್ಷಗಟ್ಟಲೆ ಬೀಜಾಣು ಹುಟ್ಟಿಸುವ ಶಿಲೀಂಧ್ರಕ್ಕೆ ಅಂಥ ಒಂದು ಬದಲಾವಣೆ ಕಷ್ಟವಲ್ಲ. ಅದರಲ್ಲೂ ಊರಿಗೆ ಊರೇ ಒಂದೇ ತಳಿ ನೆಟ್ಟಿದ್ದರೆ, ಬದಲಾದ ಆ ಒಂದು ಬೀಜಾಣುವಿಗೆ ಊರಿಡೀ ಬಾಗಿಲು ತೆರೆದಂತೆ.

ಬಾಳೆಹೊನ್ನೂರಿನವರು ಕೆಂಟ್ ಸೋತಾಗ ಕೈಚೆಲ್ಲಿ ಕೂರಲಿಲ್ಲ. ಕೆಂಟ್ ಸೇರಿದ್ದ ಅರೇಬಿಕಾ ಜಾತಿ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದರ ವಂಶದಲ್ಲಿ ವೈವಿಧ್ಯ ಬಹಳ ಕಡಿಮೆ. ಹೊಸ ಕಾವಲುಗಾರ ಜೀನ್ ಬೇಕಾದರೆ ನೆಂಟರ ಮನೆಯಲ್ಲಿ ಹುಡುಕಬೇಕಿತ್ತು. ಅರೇಬಿಕಾ ಮತ್ತು ಅದರ ನೆಂಟ ಲೈಬೀರಿಕಾ ತಾವಾಗಿ ಬೆರೆತು ಹುಟ್ಟಿದ ಗಿಡದ ಪೀಳಿಗೆಯನ್ನು ಕೆಂಟ್ ಜೊತೆ ಸಂಕರ ಮಾಡಿ, 1940ರ ದಶಕದಲ್ಲಿ ಎಸ್.795 ಎಂಬ ತಳಿ ಕೊಟ್ಟರು. ಲೈಬೀರಿಕಾದಿಂದ ಬಂದ ಜೀನ್ ಬಹುಕಾಲ ತಡೆಯಿತು. ಕ್ರಮೇಣ ಅದನ್ನೂ ದಾಟಬಲ್ಲ ತುಕ್ಕು ಬಂತು. ಆದರೂ ರುಚಿಗೂ ಇಳುವರಿಗೂ ಹೆಸರಾದ ಈ ತಳಿಯನ್ನು ಬೆಳೆಗಾರರು ಇವತ್ತಿಗೂ ಬಿಟ್ಟಿಲ್ಲ. ಮುಂದೆ ಟೀಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ಬೆರೆತು ಹುಟ್ಟಿದ್ದ ಸಂಕರದಿಂದ ಕಾವೇರಿ ತಳಿ ಬಂತು, ಅದನ್ನೂ ತುಕ್ಕು ಹಿಡಿಯಿತು. 2007ರಲ್ಲಿ ಚಂದ್ರಗಿರಿ ಬಂತು. ಪೋರ್ಚುಗಲ್‌ನ ಒಯೈರಸ್‌ನಲ್ಲಿ 1955ರಿಂದ ಕಾಫಿ ತುಕ್ಕಿನ ಬಳಗಗಳನ್ನು ಗುರುತಿಸುವುದಕ್ಕೆಂದೇ ಒಂದು ಕೇಂದ್ರವಿದೆ. ಅಲ್ಲಿನ ಲೆಕ್ಕಕ್ಕೆ ಸಿಕ್ಕ ಬಳಗಗಳು 50 ದಾಟಿವೆ. ಸುಮಾರು ನೂರು ವರ್ಷಗಳಿಂದ ಬಾಳೆಹೊನ್ನೂರಿನಲ್ಲಿ ಕೆಲಸ ನಿಂತಿಲ್ಲವೆಂದೇ ಅರೇಬಿಕಾ ಇವತ್ತೂ ಈ ನಾಡಿನಲ್ಲಿ ಬೆಳೆಯುತ್ತಿದೆ.

ಅದೇ ಮಲೆನಾಡಿನ ಇನ್ನೊಂದು ಬೆಳೆಯಾದ ಅಡಿಕೆಯ ಕಡೆ ತಿರುಗಿದರೆ ಚಿತ್ರ ಬೇರೆ.

ಕೊಳೆರೋಗ ಎಂಬ ಕನ್ನಡ ಪದ ವಿಜ್ಞಾನದ ಲ್ಯಾಟಿನ್‌ಗೂ ಹೋಗಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕಾಫಿ ಎಲೆಯನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಇಟ್ಟ ಹೆಸರು ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’. ಅಡಿಕೆಯ ಕೊಳೆರೋಗ ಬೇರೆ ಜೀವಿಯಿಂದ ಬರುವಂಥದ್ದು. ಆಷಾಢದಲ್ಲಿ ಹಗಲಿರುಳು ಮಳೆ ಹಿಡಿದು, ನಡುವೆ ಒಮ್ಮೊಮ್ಮೆ ಬಿಸಿಲು ಬಿದ್ದಾಗ ಎಳೆಗಾಯಿಯ ತೊಟ್ಟಿನ ಬಳಿ ನೀರು ಹಿಡಿದಂಥ ಕಲೆ ಮೂಡುತ್ತದೆ. ಹಸಿರು ಹೊಳಪು ಆರಿ, ಕಾಯಿ ಉದುರಿ, ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಇದೂ ಒಂದು. ರೋಗಕಾರಕ ‘ಫೈಟೋಫ್ತೊರಾ’ ಕುಲದ್ದು ಎಂದು ಅವರು 1910ರಲ್ಲಿ ಪ್ರಕಟಿಸಿ, ಅದರ ಹೆಸರಿಗೆ ಅಡಿಕೆಯನ್ನೂ ಸೇರಿಸಿದರು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಕೊಳೆಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗಾಣು ಇದೇ ಕುಲದ್ದು. ಕರಿಮೆಣಸಿನ ಬಳ್ಳಿಯನ್ನು ಬೇಗ ಒಣಗಿಸುವ ಸೊರಗು ರೋಗದ್ದೂ ಅದೇ ಕುಲ. ನೀರಿನಲ್ಲಿ ಈಜಬಲ್ಲ ಬೀಜಾಣುಗಳು ಇವುಗಳ ಬಲ. ತೋಟದ ಬಸಿಗಾಲುವೆ ಕಟ್ಟಿಕೊಂಡ ವರ್ಷ ರೋಗ ಜೋರಾಗುವುದರ ಗುಟ್ಟು ಅದೇ.

ಕೋಲ್ಮನ್ ಬರುವ ಮೊದಲೂ ರೈತರು ಸುಮ್ಮನಿರಲಿಲ್ಲ. ಮಳೆಗೆ ಮುನ್ನ ಮರ ಹತ್ತಿ ಒಂದೊಂದು ಅಡಿಕೆ ಕೊನೆಗೂ ಹೊದಿಕೆಯಂತೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಯುತ್ತಿದ್ದರು. ರೋಗಾಣುವಿನ ಹೆಸರು ಗೊತ್ತಿಲ್ಲದಿದ್ದರೂ ಅದಕ್ಕೆ ಬೇಕಾದ್ದು ನೀರು ಎಂಬುದು ಅವರಿಗೆ ಗೊತ್ತಿತ್ತು. ಕೋಲ್ಮನ್ ಇದಕ್ಕೆ ಬೋರ್ಡೊ ದ್ರಾವಣವನ್ನು ಸೇರಿಸಿದರು. ಅದರ ಹುಟ್ಟು ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ದಾರಿಯಂಚಿನ ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು.

ಇವತ್ತಿಗೂ ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವುದು ಇದನ್ನೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಬೇಕು. ಬೆರೆಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡಿದಾಗ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಇದು ಕಾಯಿಯ ಮೇಲೆ ಕೂತು ಕಾಯುವ ಔಷಧಿ. ಒಳಹೊಕ್ಕ ರೋಗವನ್ನು ವಾಸಿ ಮಾಡುವ ಶಕ್ತಿ ಇದಕ್ಕಿಲ್ಲ. ಮೊದಲ ಸುತ್ತು ತಪ್ಪಿ, ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಅದಾಗಲೇ ಹಿಡಿದ ಕೊನೆ ಉಳಿಯುವುದಿಲ್ಲ.

ಬೋರ್ಡೊ ನೂರಮೂವತ್ತು ವರ್ಷ ದಾಟಿ ಉಳಿದದ್ದಕ್ಕೆ ಕಾರಣವಿದೆ. ತಾಮ್ರ ರೋಗಾಣುವಿನ ಒಂದು ಕಡೆ ಮಾತ್ರ ಹೊಡೆಯದೆ ಏಕಕಾಲಕ್ಕೆ ಹತ್ತಾರು ಕಡೆ ಹೊಡೆಯುತ್ತದೆ. ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ಕಷ್ಟ. ಒಂದೇ ಜಾಗಕ್ಕೆ ಗುರಿಯಿಡುವ ಹೊಸ ಔಷಧಿಗಳ ಕಥೆ ಹಾಗಲ್ಲ. ಆಲೂಗಡ್ಡೆಯ ಅಂಗಮಾರಿಗೆ 1970ರ ದಶಕದ ಕೊನೆಯಲ್ಲಿ ಬಂದ ಮೆಟಲಾಕ್ಸಿಲ್‌ಗೆ 1980ರ ಹೊತ್ತಿಗೇ ಐರ್ಲೆಂಡ್, ನೆದರ್ಲೆಂಡ್ಸ್ ಹೊಲಗಳಲ್ಲಿ ರೋಗಾಣು ಜಗ್ಗದಾಯಿತು. ಕೆಂಟ್ ತಳಿಗೆ ಆದದ್ದೇ ಔಷಧಿಗೂ ಆಯಿತು. ಹಾಗೆಂದು ತಾಮ್ರವೂ ನಿರುಪದ್ರವಿ ಅಲ್ಲ. ಅದು ಮೂಲಧಾತು, ಕರಗಿ ಮಾಯವಾಗುವುದಿಲ್ಲ. ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತಾ ಹೋಗಿ ಎರೆಹುಳುವಿಗೂ ಒಳ್ಳೆಯ ಶಿಲೀಂಧ್ರಗಳಿಗೂ ಮುಳುವಾಗುತ್ತದೆ.

ಕೊಳೆರೋಗಕ್ಕೆ ಕೊನೆಪಕ್ಷ ನಂಬಿಕೆಯ ಔಷಧಿ ಇದೆ. ಈಗ ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ, ಕಳಸದ ತೋಟಗಳನ್ನು ಹಿಂಡುತ್ತಿರುವ ಎಲೆಚುಕ್ಕಿ ರೋಗ ಇನ್ನೂ ಕಠಿಣ. ಹಳದಿ ಅಂಚಿನ ಕಂದು ಚುಕ್ಕೆಗಳು ಒಂದಕ್ಕೊಂದು ಕೂಡಿ, ಸೋಗೆ ಒಣಗಿ ಜೋತು ಬೀಳುತ್ತದೆ. ಇದರ ಶಿಲೀಂಧ್ರ ‘ಕೊಲೆಟೋಟ್ರಿಕಮ್’ ತುಕ್ಕಿನ ಹಾಗೆ ಜೀವಂತ ಕೋಶವನ್ನೇ ನೆಚ್ಚಿದ್ದಲ್ಲ. ಎಲೆಯನ್ನು ಕೊಂದು, ಸತ್ತದ್ದನ್ನೂ ಉಂಡು ಬದುಕಬಲ್ಲದು. ಕೋಶ ತಾನೇ ಸತ್ತು ಶತ್ರುವನ್ನು ಉಪವಾಸ ಕೆಡಹುವ ಉಪಾಯ ಇಂಥದ್ದರ ಮುಂದೆ ಸಾಗುವುದಿಲ್ಲ. ಉದುರಿದ ಸೋಗೆಯಲ್ಲೂ ಅದು ಮುಂದಿನ ಮಳೆಗೆ ಕಾದಿರುತ್ತದೆ. ರೋಗ ತಗುಲಿದ ಸೋಗೆ ತೆಗೆದು ಸುಡಿ ಎಂಬ ಸಲಹೆಗೆ ಬಲವಾದ ಆಧಾರ ಇದು. ಆದರೆ ಐವತ್ತು ಅರವತ್ತು ಅಡಿ ಎತ್ತರದ ಮರ, ಹತ್ತಲು ಆಳಿಲ್ಲ, ದೋಟಿ ಕೊಳ್ಳಲು ಹಣವಿಲ್ಲ. ಒಬ್ಬ ತೆಗೆದು ಸುಟ್ಟರೂ ಪಕ್ಕದ ತೋಟದಲ್ಲಿ ಹಾಗೆಯೇ ಬಿಟ್ಟಿದ್ದರೆ ಗಾಳಿಮಳೆ ಬೇಲಿ ನೋಡುವುದಿಲ್ಲ. ಊರು ಒಟ್ಟಾಗಿ, ಒಂದೇ ವಾರದಲ್ಲಿ ಮಾಡಬೇಕಾದ ಕೆಲಸವನ್ನು ಒಂಟಿ ರೈತನ ಹೆಗಲಿಗೆ ಹೊರಿಸಿ ಕೂತಿರುವುದು ತಪ್ಪು.

ಸರ್ಕಾರದ ಕಡೆಯಿಂದ ಔಷಧಿಗೆ ಸಹಾಯಧನ ಸಿಗುತ್ತದೆ. ಬೇಕಾದ್ದೇ. ಅದರ ಜೊತೆಗೆ ಯಾವ ಔಷಧಿ, ಎಷ್ಟು, ಯಾವಾಗ ಎಂದು ಹೇಳುವವರಾರು? ಬಹುತೇಕ ಕಡೆ ಅದನ್ನು ಮಾರುವ ಅಂಗಡಿಯವರು. ಒಂದೇ ಗುಂಪಿನ ಔಷಧಿಯನ್ನು ಹೆಸರು ಬದಲಿಸಿ ಮೂರು ಸಲ ಹೊಡೆದರೆ ಮೆಟಲಾಕ್ಸಿಲ್ ಕಥೆ ಮಲೆನಾಡಿನಲ್ಲೂ ನಡೆಯಲು ತಡವಿಲ್ಲ. ಚುಕ್ಕೆ ಬಿದ್ದ ಎಲೆಯನ್ನು ಕೊಟ್ಟರೆ ಯಾವ ಶಿಲೀಂಧ್ರ, ಯಾವ ಔಷಧಿಗೆ ಬಗ್ಗುತ್ತದೆ ಎಂದು ವಾರದೊಳಗೆ ಹೇಳುವ ಪ್ರಯೋಗಾಲಯ ಪ್ರತಿ ಅಡಿಕೆ ತಾಲ್ಲೂಕಿನಲ್ಲಿ ಇರಬೇಕು.

ಗೋಧಿಗೆ ಇಂಥ ಕಾವಲು ಬಹುಕಾಲದಿಂದ ಇದೆ. ಆಗ್ರಾ ಕಾಲೇಜಿನ ಕರಮ್ ಚಂದ್ ಮೆಹ್ತಾ ಅವರು ಬಯಲಿನ ಬೇಸಿಗೆಯಲ್ಲಿ ಗೋಧಿಯ ತುಕ್ಕು ಸತ್ತುಹೋಗುತ್ತದೆ, ಮುಂದಿನ ಬೆಳೆಗೆ ಅದು ಬೆಟ್ಟಗಳಿಂದ ಇಳಿದು ಬರುತ್ತದೆ ಎಂದು ತೋರಿಸಿದರು. ದಕ್ಷಿಣಕ್ಕೆ ಅದು ಬರುವುದು ನೀಲಗಿರಿ, ಪಳನಿ ಬೆಟ್ಟಗಳಿಂದ. ಅವರು ಶುರುಮಾಡಿದ ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರ ಇಂದಿಗೂ ದೇಶದ ಗೋಧಿ ತುಕ್ಕಿನ ಬಳಗಗಳನ್ನು ಗುರುತಿಸುತ್ತ, ಯಾವ ತಳಿ ಯಾವ ಸೀಮೆಗೆ ಎಂದು ಹೇಳಲು ನೆರವಾಗುತ್ತಿದೆ. ಅಡಿಕೆಗೂ ಅಷ್ಟೇ ಕಾಯಂ ಆದ ಕಾವಲು ಬೇಕು. ರೋಗ ಬಂದ ವರ್ಷ ಓಡಾಡಿ ಮರುವರ್ಷ ಮರೆಯುವ ಸಮಿತಿಗಳಿಂದ ಇದು ಆಗುವುದಿಲ್ಲ.

ಕೆಲಸ ನಿಲ್ಲಿಸದಿದ್ದಲ್ಲಿ ಫಲ ಕಂಡ ಉದಾಹರಣೆಗಳು ಈ ನಾಡಿನಲ್ಲೇ ಇವೆ. ಮಂಡ್ಯದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟರು. ಆ ಸಾಲಿನಿಂದಲೇ ಮುಂದೆ ಬಂದ ಜಿಪಿಯು–28 ಬೆಂಕಿ ರೋಗ ತಡೆಯುವ ಗುಣದಿಂದ ದಕ್ಷಿಣ ಕರ್ನಾಟಕದ ಹೊಲಗಳನ್ನು ತುಂಬಿತು. ಕೈಬಿಟ್ಟಲ್ಲಿ ಏನಾಗುತ್ತದೆ ಎಂಬುದಕ್ಕೆ ನಂಜನಗೂಡಿನ ರಸಬಾಳೆಯಿದೆ. ಆ ಪರಿಮಳದ ಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ ತನ್ನ ಸ್ವಂತ ಸೀಮೆಯಲ್ಲೇ ಅಪರೂಪವಾಯಿತು. ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವ ಆ ಶಿಲೀಂಧ್ರಕ್ಕೆ ಸಿಂಪಡಣೆಯ ಉತ್ತರವಿಲ್ಲ.

ಅಡಿಕೆಯ ವಿಷಯದಲ್ಲಿ ಭರವಸೆಗೆ ಒಂದು ಗಟ್ಟಿ ಆಧಾರವಿದೆ. ಅರೇಬಿಕಾ ಕಾಫಿಯಂತೆ ಅಡಿಕೆ ತನ್ನಲ್ಲೇ ಮುಚ್ಚಿಕೊಂಡ ವಂಶವಲ್ಲ. ಒಂದು ಮರದ ಹಿಂಗಾರಕ್ಕೆ ಇನ್ನೊಂದು ಮರದ ಪರಾಗ ಬೀಳುತ್ತದೆ, ಬೀಜದಿಂದ ಎದ್ದ ಪ್ರತಿ ಸಸಿಯೂ ಒಂದಿಷ್ಟು ಬೇರೆ. ಒಂದು ಎಕರೆ ತೋಟದಲ್ಲಿ ನೂರಾರು ಬಗೆಯ ಮರಗಳಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ತೋಟಗಳನ್ನೇ ನುಂಗಿದ ಹಳದಿ ಎಲೆ ರೋಗಕ್ಕೆ ಔಷಧಿಯೇ ಇಲ್ಲ. ಅಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು, ರೋಗದ ನಟ್ಟನಡುವೆ ಬದುಕಿ ಉಳಿದ ಮರಗಳನ್ನೇ ಆರಿಸಿ, ಅವುಗಳ ಎಳೆ ಹಿಂಗಾರದಿಂದ ಅಂಗಾಂಶ ಕೃಷಿಯ ಸಸಿ ಮಾಡುವ ದಾರಿ ಹಿಡಿದಿದ್ದಾರೆ. ಎಲೆಚುಕ್ಕಿಗೂ ಅದೇ ಹುಡುಕಾಟ ಊರೂರಲ್ಲಿ ಆಗಬೇಕು. ನೆಟ್ಟ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕಾದ ಬೆಳೆಯಲ್ಲಿ ಒಂದು ವರ್ಷ ತಡಮಾಡಿದರೂ ಒಂದು ಪೀಳಿಗೆಯ ರೈತರಿಗೆ ನಷ್ಟ. ಸಿಕ್ಕ ಮರಗಳನ್ನು ಒಂದೇ ತಾಯಿಗೆ ಇಳಿಸದೆ ಹತ್ತಾರು ತಾಯಿಮರಗಳ ಸಸಿಗಳಾಗಿ ಹಂಚಬೇಕು. ಎಲ್ಲೆಡೆ ಒಂದನ್ನೇ ನೆಟ್ಟರೆ ಅದೂ ಕೆಂಟ್‌ನ ಹಾದಿ ಹಿಡಿಯುತ್ತದೆ.

ಈ ಹುಡುಕಾಟವನ್ನು ಪ್ರಯೋಗಾಲಯದಲ್ಲಿ ಕೂತು ಮಾಡಲು ಬರುವುದಿಲ್ಲ. ಯಾವ ಮರ ಹೇಗಿದೆ ಎಂದು ಬಲ್ಲವರು ತೋಟದ ಯಜಮಾನರು, ಯಜಮಾನತಿಯರು, ಪ್ರತಿ ಮರವನ್ನೂ ಹತ್ತಿ ಇಳಿಯುವ ಕೊನೆಗಾರರು. ಸುತ್ತಲಿನ ಮರಗಳ ಸೋಗೆ ಒಣಗಿರುವಾಗ ಎರಡು ಮೂರು ಮಳೆಗಾಲ ಒಂದೇ ಸಮನೆ ಹಸಿರಾಗಿ ನಿಂತ ಮರ ಅವರಿಗೆ ಕಂಡರೆ, ಅದು ಬರೀ ಜಾಗದ ಗುಣವೇ, ಮರದ ಗುಣವೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿ ಹೇಳಲಿ. ಅಂಥ ಮರ ನಿಮ್ಮ ತೋಟದಲ್ಲಿದ್ದರೆ ಬುಡಕ್ಕೊಂದು ಸುಣ್ಣದ ಪಟ್ಟೆ ಬಳಿಯಿರಿ. ತೋಟ ಬೋಳಿಸಿ ಹೊಸ ಸಸಿ ನೆಡುವ ಭರದಲ್ಲಿ ಆ ಮರವನ್ನು ಕಡಿಯಬೇಡಿ. ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಒಂದು ಮಾತು ತಿಳಿಸಿ.